ಮುಧೋಳವೇ ಮೂಲಬಿಂದುವಾದರೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸುವ ಗುರುಬಳಗಕ್ಕೆ,



ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ, ನಿರ್ದೇಶಾಂಕ ರೇಖಾಗಣಿತದ ಅಧ್ಯಾಯ ಶುರುವಾದ ಸ್ವಲ್ಪ ಹೊತ್ತಿಗೆ ಎರಡು ಪಟ್ಟಣಗಳು ಬರುತ್ತವೆ. ಒಂದರ ಹೆಸರು ಎ, ಇನ್ನೊಂದರ ಹೆಸರು ಬಿ. ಬಿ ಪಟ್ಟಣವು ಎ ಪಟ್ಟಣದಿಂದ 36 ಕಿ.ಮೀ. ಪೂರ್ವಕ್ಕೂ 15 ಕಿ.ಮೀ. ಉತ್ತರಕ್ಕೂ ಇದೆ, ಅಳೆಯದೆಯೇ ಅವುಗಳ ನಡುವಿನ ದೂರ ಹೇಳಬಹುದೇ ಎಂದು ಪುಸ್ತಕ ಕೇಳುತ್ತದೆ. ಉತ್ತರ 39 ಕಿ.ಮೀ. ಲೆಕ್ಕ ಚೆಂದವಾಗಿದೆ. ಆದರೆ ಆ ಪಟ್ಟಣಗಳಿಗೆ ಬಸ್‌ಸ್ಟ್ಯಾಂಡ್ ಇಲ್ಲ, ಸಂತೆ ಇಲ್ಲ, ಅಲ್ಲಿ ಯಾರ ಸೋದರಮಾವನೂ ಇಲ್ಲ. ದೇಶದ ಎಲ್ಲ ಮಕ್ಕಳಿಗೆ ಒಂದೇ ಪುಸ್ತಕ ಬರೆಯುವವರು ಹೆಸರಿಲ್ಲದ ಊರನ್ನೇ ಇಡಬೇಕಾಗುತ್ತದೆ. ಆ ಊರುಗಳಿಗೆ ಹೆಸರು ಕೊಡಲು ಸಾಧ್ಯವಿರುವುದು ಕರಿಹಲಗೆಯ ಮುಂದೆ ನಿಂತವರಿಗೆ ಮಾತ್ರ. ಈ ಪತ್ರ ಅದಕ್ಕಾಗಿ.

ಪುಸ್ತಕದ ಆ 36ನ್ನು ಮುಧೋಳದ ಮಕ್ಕಳು ಹೊರಗೆಲ್ಲೂ ಹುಡುಕಬೇಕಿಲ್ಲ. ಮುಧೋಳದಿಂದ ಬೀಳಗಿ ನೇರ ಪೂರ್ವಕ್ಕೆ ಹೆಚ್ಚೂಕಡಿಮೆ 36 ಕಿ.ಮೀ. ಇದೆ. ಉತ್ತರಕ್ಕೆ ಸರಿದಿರುವುದು ಒಂದೇ ಒಂದು ಕಿಲೋಮೀಟರಿನಷ್ಟು. ಜಮಖಂಡಿ ಮುಧೋಳದ ನೆತ್ತಿಯ ಮೇಲಿದೆ. ಎರಡೂ ಊರುಗಳು ಸುಮಾರು 75.3 ಡಿಗ್ರಿ ಪೂರ್ವ ರೇಖಾಂಶದ ಆಸುಪಾಸಿನಲ್ಲಿದ್ದು, ಜಮಖಂಡಿ 18 ಕಿ.ಮೀ.ಯಷ್ಟು ಉತ್ತರದಲ್ಲಿದೆ. ರಬಕವಿ-ಬನಹಟ್ಟಿ ಪಶ್ಚಿಮಕ್ಕೆ 18, ಉತ್ತರಕ್ಕೆ 15 ಕಿ.ಮೀ. ಹಲಗೆಯ ಮೇಲೆ ಎರಡು ಅಕ್ಷ ಎಳೆದು, ಅವು ಕೂಡುವಲ್ಲಿ ಮುಧೋಳ ಎಂದು ಬರೆದರೆ ನಾಲ್ಕು ಊರುಗಳಿಗೂ ಒಂದೊಂದು ವಿಳಾಸ ಸಿಗುತ್ತದೆ: ಮುಧೋಳ (0, 0), ಜಮಖಂಡಿ (1, 18), ಬೀಳಗಿ (36, 1), ರಬಕವಿ-ಬನಹಟ್ಟಿ (−18, 15). ಇವು ಪೂರ್ಣ ಕಿಲೋಮೀಟರಿಗೆ ಇಳಿಸಿದ ಅಂದಾಜುಗಳು. ಹತ್ತನೆಯ ತರಗತಿಗೆ ಇಷ್ಟು ನಿಖರತೆ ಸಾಕು.

ಇಲ್ಲಿ ಒಂದು ಸಂಗತಿ ಗಮನಿಸಬೇಕು. ಋಣಸಂಖ್ಯೆ ಎಲ್ಲಿಂದಲೋ ಉದುರಿ ಬೀಳಲಿಲ್ಲ. ರಬಕವಿ ಪಡುವಣಕ್ಕಿದೆ ಎಂಬುದು ಮುಧೋಳದ ಯಾವ ಹುಡುಗಿಗೂ ಗೊತ್ತು. ಅದಕ್ಕೇ ಅಲ್ಲಿ ಮೈನಸ್ ಬಂತು. ಮೂಲಬಿಂದುವನ್ನು ಬನಹಟ್ಟಿಗೆ ಒಯ್ದರೆ 18ರ ಮೈನಸ್ ಮಾಯವಾಗಿ, 15ಕ್ಕೆ ಮೈನಸ್ ಬಂದು ಮುಧೋಳ (18, −15) ಆಗುತ್ತದೆ. ವಿಳಾಸಗಳು ಬದಲಾದರೂ ಊರುಗಳ ನಡುವಿನ ದೂರ ಬದಲಾಗುವುದಿಲ್ಲ. ಮೂಲಬಿಂದು ಎಲ್ಲಿದ್ದರೂ ದೂರ ಅಷ್ಟೇ ಎಂಬ ಈ ತಿಳಿವು ದೂರದ ಸೂತ್ರದ ಬೆನ್ನೆಲುಬು. ಪುಸ್ತಕ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪ್ರಶ್ನೆಪತ್ರಿಕೆ ಕೇಳುವುದಿಲ್ಲ. ಬನಹಟ್ಟಿಯ ಶಾಲೆಯೊಂದು ತನ್ನ ಊರನ್ನೇ ಮೂಲಬಿಂದು ಮಾಡಿಕೊಂಡು, ಮುಧೋಳದ ಶಾಲೆಯೊಂದು ತನ್ನ ಊರನ್ನು ಮಾಡಿಕೊಂಡು, ಬೀಳಗಿ-ಜಮಖಂಡಿ ದೂರವನ್ನು ಇಬ್ಬರೂ ಲೆಕ್ಕ ಹಾಕಿ ಫೋನಿನಲ್ಲಿ ತಾಳೆ ನೋಡಿದರೆ ಅದು ಮಕ್ಕಳ ಮನಸ್ಸಿನಿಂದ ಹೋಗುವುದಿಲ್ಲ.

ಈಗ ತರಗತಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಗಂಟೆ ಹೊಡೆಯುತ್ತದೆ, ಅಧ್ಯಾಯದ ಹೆಸರು ಹಲಗೆ ಏರುತ್ತದೆ, ಅದರ ಕೆಳಗೆ ಚೌಕಟ್ಟು ಹಾಕಿ ಸೂತ್ರ ಬರೆಯಲಾಗುತ್ತದೆ. ಮಕ್ಕಳು ರಾಗವಾಗಿ ಹೇಳುತ್ತಾರೆ: "ಎಕ್ಸ್ ಟೂ ಮೈನಸ್ ಎಕ್ಸ್ ಒನ್ ಹೋಲ್ ಸ್ಕ್ವೇರ್, ಪ್ಲಸ್ ವೈ ಟೂ ಮೈನಸ್ ವೈ ಒನ್ ಹೋಲ್ ಸ್ಕ್ವೇರ್, ರೂಟ್ ಆಫ್." ಮಾರ್ಚಿನವರೆಗೆ ಇದು ನಾಲಿಗೆಯ ಮೇಲೆ ಇರುತ್ತದೆ. ಪರೀಕ್ಷೆಯ ದಿನ ಹೋಲ್ ಸ್ಕ್ವೇರಿನ 'ಹೋಲ್' ಮರೆತರೆ, ನಡುವಿನ ಪ್ಲಸ್ ಮೈನಸ್ ಆದರೆ, ಹಿಂದಿರುಗಿ ಪರೀಕ್ಷಿಸಿಕೊಳ್ಳಲು ಮಗುವಿನ ಬಳಿ ಬೇರೆ ಏನೂ ಇರುವುದಿಲ್ಲ. ಲಂಬಕೋನ ತ್ರಿಭುಜ ಕಣ್ಣಿಗೆ ಕಟ್ಟಿದವರಿಗೆ ಮರೆತ ಸೂತ್ರವನ್ನು ಅರ್ಧ ನಿಮಿಷದಲ್ಲಿ ಮತ್ತೆ ಕಟ್ಟಿಕೊಳ್ಳುವುದು ಸಾಧ್ಯ. ಬರಿಯ ರಾಗ ನೆನಪಿರುವವರಿಗೆ ಅದು ಆಗದು.

ಆದ್ದರಿಂದ ಸೂತ್ರ ಕೊನೆಗೆ ಬರಲಿ. ಮೊದಲು ಒಂದೇ ಅಡ್ಡರೇಖೆಯ ಮೇಲಿನ ಎರಡು ಬಿಂದುಗಳು, ಆಮೇಲೆ ಒಂದೇ ಕಂಬರೇಖೆಯ ಮೇಲಿನವು: ಇಲ್ಲಿ ಬರೀ ಕಳೆಯುವ ಲೆಕ್ಕ. ಮುಧೋಳ-ಜಮಖಂಡಿ ಈ ಹಂತಕ್ಕೆ ಹೇಳಿ ಮಾಡಿಸಿದ ಜೋಡಿ. ಪೂರ್ವಕ್ಕೆ ಸರಿದಿರುವ ಆ ಒಂದು ಕಿಲೋಮೀಟರನ್ನು ಸೇರಿಸಿ ಲೆಕ್ಕ ಹಾಕಿದರೂ √325, ಅಂದರೆ 18.03 ಕಿ.ಮೀ. ಒಂದು ಬಾಹು ಚಿಕ್ಕದಾದಾಗ ಅದರ ವರ್ಗ ಮೊತ್ತದಲ್ಲಿ ಹೇಗೆ ಕರಗಿಹೋಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ. ಬಳಿಕ ಮುಧೋಳ-ರಬಕವಿ: 18 ಅತ್ತ, 15 ಇತ್ತ, ನಡುವೆ ಕರ್ಣ. 324 ಮತ್ತು 225 ಕೂಡಿದರೆ 549, ಅದರ ವರ್ಗಮೂಲ 23.4. ಪೈಥಾಗೊರಸ್ ಪ್ರಮೇಯ ಗೊತ್ತಿರುವ ಮಗು ಇಲ್ಲಿಯವರೆಗೆ ಸೂತ್ರವಿಲ್ಲದೆಯೇ ಬಂದುಬಿಡುತ್ತದೆ.

ನಂತರದ ಜೋಡಿ ಬೀಳಗಿ-ರಬಕವಿ. ಈ ಜೋಡಿಯನ್ನು ಯಾವ ಕಾರಣಕ್ಕೂ ಬಿಡಬಾರದು. ಅಡ್ಡ ದೂರಕ್ಕೆ 36ರಿಂದ −18 ಕಳೆಯಬೇಕು, ಅಂದರೆ 54. ಕಂಬದ ದೂರ 14. ವರ್ಗಗಳ ಮೊತ್ತ 3112, ದೂರ 55.8 ಕಿ.ಮೀ. ಮೈನಸ್‌ನ ಮೈನಸ್ ಮರೆತ ಮಗುವಿಗೆ 54ರ ಬದಲು 18 ಸಿಗುತ್ತದೆ, ಉತ್ತರ 22.8 ಕಿ.ಮೀ. ಪುಸ್ತಕದ ಬಿಂದುಗಳಾಗಿದ್ದರೆ ಈ ತಪ್ಪು ಕೆಂಪು ಗೀಟು ಬೀಳುವವರೆಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಹಾಗಲ್ಲ. ಬೀಳಗಿಯಿಂದ ರಬಕವಿಗೆ ಬಸ್ಸಿನಲ್ಲಿ ಹೋಗಿ ಬಂದ ಹುಡುಗ ಹಿಂದಿನ ಬೆಂಚಿನಿಂದಲೇ ಕೂಗುತ್ತಾನೆ: "ಸರ, ಇದು ತಪ್ಪೈತ್ರಿ. ಅಷ್ಟ ಸನೇ ಇಲ್ರಿ ರಬಕವಿ." ವರ್ಗಮೂಲದೊಳಗಿನ ಎರಡು ವರ್ಗಗಳನ್ನು ಬಿಡಿಬಿಡಿಯಾಗಿ ಹೊರತಂದು 54 ಕೂಡಿಸು 14, 68 ಎಂದು ಬರೆಯುವುದು ಇನ್ನೊಂದು ಮಾಮೂಲಿ ತಪ್ಪು. ಮೊದಲು ನೇರ ಪಶ್ಚಿಮಕ್ಕೆ 54 ಹೋಗಿ, ಆಮೇಲೆ ಬಡಗಣಕ್ಕೆ 14 ತಿರುಗಿದವನು 68 ನಡೆಯುತ್ತಾನೆ. ಅಡ್ಡ ಹಾಯ್ದವನು ಕಡಿಮೆ ನಡೆಯಲೇಬೇಕಲ್ಲ ಎಂದು ಕೇಳಿದರೆ ಸಾಕು. ತಪ್ಪನ್ನು ಗುರುಗಳು ಹಿಡಿಯುವ ಮೊದಲು ಊರೇ ಹಿಡಿಯುತ್ತದೆ. ಹೆಸರಿರುವ ಬಿಂದುಗಳಿಂದ ಆಗುವ ದೊಡ್ಡ ಲಾಭ ಇದು.

ಇನ್ನು ಹೊಲದ ಮಾತು. ಕಬ್ಬು ಬೆಳೆಯುವ ಈ ನಾಲ್ಕು ತಾಲ್ಲೂಕುಗಳಲ್ಲಿ ಹದ್ದುಬಸ್ತು, ಪೋಡಿ, ಹಿಸ್ಸಾ ಎಂಬ ಮಾತು ಕೇಳದ ಮನೆ ಕಡಿಮೆ. ಸರ್ವೇಯರ್ ಬಂದ ದಿನ ಮಕ್ಕಳು ಬದುವಿನ ಮೇಲೆ ನಿಂತು ನೋಡುತ್ತಾರೆ. ಆದರೆ ಆತ ಮಾಡುತ್ತಿರುವುದು ತಮ್ಮ ಪುಸ್ತಕದ ಅಧ್ಯಾಯವೇ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಹಳೆಯ ಕ್ರಮ ಹೀಗಿತ್ತು. ಅಳತೆಗೆ 33 ಅಡಿಯ ಸರಪಳಿ. ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ತುಂಡು ಒಂದು ಗುಂಟೆ, ಅಂದರೆ 1089 ಚದರ ಅಡಿ. ಅಂಥ 40 ಗುಂಟೆ ಒಂದು ಎಕರೆ. ಹೊಲದ ಎರಡು ಬಾಂದುಕಲ್ಲುಗಳ ನಡುವೆ ಒಂದು ಆಧಾರರೇಖೆ ಹಿಡಿಯುತ್ತಿದ್ದರು. ಆ ರೇಖೆಯ ಗುಂಟ ನಡೆಯುತ್ತ, ಹೊಲದ ಪ್ರತಿ ಮೂಲೆ ಲಂಬಕೋನದಲ್ಲಿ ಕಾಣುವ ಜಾಗದಲ್ಲಿ ನಿಂತು, ಎಷ್ಟು ಸರಪಳಿ ಬಂದಾಯಿತು, ಇಲ್ಲಿಂದ ಎಡಕ್ಕೋ ಬಲಕ್ಕೋ ಮೂಲೆ ಎಷ್ಟು ದೂರ ಎಂದು ಬರೆದುಕೊಳ್ಳುತ್ತಿದ್ದರು. ಟಿಪ್ಪಣಿ ಎಂದು ಕರೆಯುವ ಆ ಹಾಳೆಯಲ್ಲಿ ಇರುವುದು ನಿರ್ದೇಶಾಂಕಗಳೇ. ಆಧಾರರೇಖೆ ಎಕ್ಸ್ ಅಕ್ಷ, ಲಂಬದ ಅಳತೆ ವೈ. ಎಡಕ್ಕೆ ಧನ, ಬಲಕ್ಕೆ ಋಣ ಎಂದಿಟ್ಟುಕೊಂಡರೆ ಮುಗಿಯಿತು.

ಒಂದು ಉದಾಹರಣೆ. ಮೊದಲ ಕಲ್ಲಿನಿಂದ 2 ಸರಪಳಿ ನಡೆದಾಗ ಎಡಕ್ಕೆ 3 ಸರಪಳಿಯಲ್ಲಿ ಒಂದು ಮೂಲೆ. 14 ಸರಪಳಿ ನಡೆದಾಗ ಬಲಕ್ಕೆ 2 ಸರಪಳಿಯಲ್ಲಿ ಇನ್ನೊಂದು. ಆ ಮೂಲೆಯಿಂದ ಈ ಮೂಲೆಗೆ ತಂತಿ ಬೇಲಿ ಎಳೆಯಬೇಕು, ನಡುವೆ ಆಳೆತ್ತರದ ಕಬ್ಬು ನಿಂತಿದೆ, ಟೇಪು ಹಿಡಿಯಲು ದಾರಿಯಿಲ್ಲ. ಬಿಂದುಗಳು (2, 3) ಮತ್ತು (14, −2). ಅಡ್ಡ 12, ಲಂಬ 5, ದೂರ 13 ಸರಪಳಿ: 429 ಅಡಿ. ಬಲಕ್ಕಿರುವ 2ರ ಚಿಹ್ನೆ ಮರೆತರೆ ಲಂಬ 1 ಆಗಿ, ದೂರ 12.04 ಸರಪಳಿಗೆ ಇಳಿಯುತ್ತದೆ. ವ್ಯತ್ಯಾಸ ಸುಮಾರು 32 ಅಡಿ. ಅಷ್ಟು ತಂತಿ ಕಡಿಮೆ ತಂದ ರೈತ ಮತ್ತೆ ಪೇಟೆಗೆ ಹೋಗಬೇಕಾಗುತ್ತದೆ. ಮೈನಸ್ ಚಿಹ್ನೆಯ ಬೆಲೆ ಏನೆಂದು ಮಕ್ಕಳಿಗೆ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಲೆಕ್ಕ ಸಿಗುವುದು ಕಷ್ಟ.

ಇದನ್ನು ಶಾಲೆಯ ಅಂಗಳದಲ್ಲೇ ಮಾಡಿಸಬಹುದು. ಧ್ವಜಸ್ತಂಭ ಮೂಲಬಿಂದುವಾಗಲಿ, ಅಲ್ಲಿಂದ ಗೇಟಿನವರೆಗೆ ಸುಣ್ಣದ ಗೆರೆ ಆಧಾರರೇಖೆಯಾಗಲಿ. ಬೇವಿನ ಮರ, ಬೋರ್‌ವೆಲ್, ಬಿಸಿಯೂಟದ ಕೋಣೆಯ ಮೂಲೆ, ಕುಡಿಯುವ ನೀರಿನ ನಳ: ಒಂದೊಂದಕ್ಕೂ ವಿಳಾಸ. ತರಗತಿಯನ್ನು ಎರಡು ಗುಂಪು ಮಾಡಿ. ಒಂದು ಗುಂಪು ಬೇವಿನ ಮರದಿಂದ ನಳಕ್ಕೆ ಇರುವ ದೂರವನ್ನು ಲೆಕ್ಕ ಹಾಕಿ ಹೇಳಲಿ. ಇನ್ನೊಂದು ಗುಂಪು ನೇರವಾಗಿ ಟೇಪು ಹಿಡಿದು ಅಳೆಯಲಿ. ಎರಡೂ ಉತ್ತರ ಒಂದೇ ಬರುವುದಿಲ್ಲ. ಒಂದು ಗೇಣು ಹೆಚ್ಚುಕಡಿಮೆ ಬಂದೇ ಬರುತ್ತದೆ. ಟೇಪು ಜೋತುಬಿದ್ದಿತ್ತೇ, ಲಂಬ ನೇರವಾಗಿತ್ತೇ, ನೆಲ ಇಳಿಜಾರಾಗಿದೆಯೇ ಎಂದು ಹುಡುಗ-ಹುಡುಗಿಯರು ವಾದಕ್ಕೆ ಬೀಳುತ್ತಾರೆ. ಆ ಹತ್ತು ನಿಮಿಷದ ಜಗಳವನ್ನು ನಿಲ್ಲಿಸಲು ಆತುರಪಡಬೇಡಿ. ಗಣಿತ ಅಲ್ಲಿ ನಡೆಯುತ್ತಿರುತ್ತದೆ. ಅಂಗಳದ ಅಳತೆ ದುಂಡಾದ ಅಂಕಿ ಕೊಡುವುದಿಲ್ಲವಾದ್ದರಿಂದ ವರ್ಗಮೂಲ ತೆಗೆಯುವ ಅಭ್ಯಾಸವೂ ತಾನಾಗಿ ಆಗುತ್ತದೆ.

ಪಕ್ಕದ ಕೋಣೆಯಲ್ಲಿರುವ ದೈಹಿಕ ಶಿಕ್ಷಕರನ್ನೂ ಈ ಪಾಠಕ್ಕೆ ಕರೆಯಬೇಕು. ವಾಲಿಬಾಲ್ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಸುಣ್ಣ ಹಾಕುವಾಗ ನಾಲ್ಕು ಬದಿ ಸರಿಯಿದ್ದರೂ ಅಂಕಣ ಓರೆಯಾಗಿ ಕೂರಬಹುದು. ಅದಕ್ಕೇ ಕರ್ಣ ಅಳೆಯುತ್ತಾರೆ. 20.12 ಮೀಟರ್ ಬರಬೇಕು. ಅರ್ಧ ಅಂಕಣದ ಕರ್ಣ 12.73. ಈ ಎರಡು ಅಂಕಿಗಳು √405 ಮತ್ತು √162 ಎಂದು ಗೊತ್ತಾದ ದಿನ ಆಟದ ಮೈದಾನವೂ ಗಣಿತದ ಪುಸ್ತಕವೂ ಮಕ್ಕಳ ಮಟ್ಟಿಗೆ ಒಂದಾಗುತ್ತವೆ. ಮನೆ ಕಟ್ಟುವ ಗೌಂಡಿ 3 ಅಡಿ, 4 ಅಡಿ ಗುರುತು ಹಾಕಿ, ಅಡ್ಡ 5 ಅಡಿ ಬಂತೇ ಎಂದು ನೋಡಿ ಪಾಯದ ಮೂಲೆ ನೇರ ಮಾಡುವುದೂ ಇದೇ ವಿದ್ಯೆ.

ರಬಕವಿ-ಬನಹಟ್ಟಿಯ ಗುರುಗಳಿಗೆ ಬೇರೆ ತಾಲ್ಲೂಕಿನವರಿಗಿಲ್ಲದ ಒಂದು ಅನುಕೂಲವಿದೆ. ಅವರ ಶಾಲೆಗಳ ಸುತ್ತ ಮಗ್ಗದ ಸದ್ದು ಕೇಳುತ್ತದೆ. ಸೀರೆಯ ಹಾಸು ಕಂಬದಂತೆ, ಹೊಕ್ಕು ಅಡ್ಡಡ್ಡ. ಪ್ರತಿ ಎಳೆ ಇನ್ನೊಂದನ್ನು ದಾಟುವ ಜಾಗ ಒಂದು ಬಿಂದು. ಜಕಾರ್ಡ್ ಮಗ್ಗಕ್ಕೆ ಹೂಬಳ್ಳಿಯ ವಿನ್ಯಾಸವನ್ನು ಚೌಕುಳಿ ಹಾಳೆಯ ಮೇಲೆ ಬರೆಯುವವರು ಎಣಿಸುವುದು ಇಂಥ ಬಿಂದುಗಳನ್ನೇ: ಇಷ್ಟನೇ ಹಾಸು, ಇಷ್ಟನೇ ಹೊಕ್ಕು. ಇಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ನೇಕಾರರ ಮನೆಯ ಮಕ್ಕಳು ಬೇಗ ಹಿಡಿಯುತ್ತಾರೆ. ಅಂಗುಲಕ್ಕೆ 80 ಹಾಸು, 60 ಹೊಕ್ಕು ಬೀಳುವ ಬಟ್ಟೆ ಇದೆ ಎಂದುಕೊಳ್ಳಿ. ಹೂವಿನ ಬುಡ (0, 0)ದಲ್ಲಿ, ತುದಿ (240, 240)ಯಲ್ಲಿ. ಎಳೆಗಳ ಎಣಿಕೆಯನ್ನೇ ಸೂತ್ರಕ್ಕೆ ಹಾಕಿದರೆ ಬರುವ 339 ಎಂಬ ಅಂಕಿಗೆ ಬಟ್ಟೆಯ ಮೇಲೆ ಯಾವ ಅರ್ಥವೂ ಇಲ್ಲ. 240 ಹಾಸು ಅಂದರೆ 3 ಅಂಗುಲ, 240 ಹೊಕ್ಕು ಅಂದರೆ 4 ಅಂಗುಲ. ಹೂವಿನ ಉದ್ದ 5 ಅಂಗುಲ. ಸಮ ಚೌಕುಳಿಯ ಹಾಳೆಯಲ್ಲಿ ಸರಿಯಾಗಿ ಓರೆಗೆ ನಿಂತಿದ್ದ ಬಳ್ಳಿ ಬಟ್ಟೆಯ ಮೇಲೆ ನೀಳವಾಗಿ ಏಳುತ್ತದೆ. ಎರಡೂ ಅಕ್ಷಗಳ ಅಳತೆ ಒಂದೇ ಆಗದೆ ದೂರದ ಸೂತ್ರ ಬಳಸುವಂತಿಲ್ಲ.

ನಾಲ್ಕು ಊರುಗಳ ನಕ್ಷೆಯಲ್ಲೂ ಇದೇ ನಿಯಮ ಅಡಗಿದೆ. ಮೊಬೈಲ್ ತೋರಿಸುವ ಅಕ್ಷಾಂಶ, ರೇಖಾಂಶಗಳನ್ನು ಹಾಗೇ ಸೂತ್ರಕ್ಕೆ ತುಂಬಿದರೆ ತಪ್ಪಾಗುತ್ತದೆ. ಈ ಭಾಗದಲ್ಲಿ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಒಂದು ಡಿಗ್ರಿ ರೇಖಾಂಶ ಸುಮಾರು 107 ಕಿ.ಮೀ. ಮೊದಲು ಎರಡನ್ನೂ ಕಿಲೋಮೀಟರಿಗೆ ತಿರುಗಿಸಿ, ಆಮೇಲೆ ಸೂತ್ರ. ಐವತ್ತು-ಅರವತ್ತು ಕಿ.ಮೀ. ಅಗಲದ ನೆಲಕ್ಕೆ ಭೂಮಿಯ ಗುಂಡನೆಯ ಆಕಾರ ಅಡ್ಡ ಬರುವುದಿಲ್ಲ. ಜಮಖಂಡಿಯಿಂದ ದಿಲ್ಲಿಗೆ ಲೆಕ್ಕ ಹಾಕುವವರು ಗೋಲದ ಗಣಿತಕ್ಕೆ ಹೋಗಬೇಕು. ಕರ್ನಾಟಕದ ಕಂದಾಯ ಇಲಾಖೆಯ 'ದಿಶಾಂಕ್' ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರೇ ತೆರೆಯ ಮೇಲೆ ಕಾಣುತ್ತದೆ. ಅಪ್ಪನ ಮೊಬೈಲಿನಲ್ಲಿ ಅದನ್ನು ನೋಡಿದ ಮಗುವಿಗೆ, ಅದರ ಹಿಂದೆ ಎರಡು ಅಂಕಿಗಳ ಒಂದು ಜೋಡಿ ಇದೆ ಎಂದು ಹೇಳಿಕೊಡಲು ತರಗತಿಗಿಂತ ಒಳ್ಳೆಯ ಜಾಗವಿಲ್ಲ.

ಗಣಿತವೆಂದರೆ ಎಲ್ಲಿಂದಲೋ ಬಂದದ್ದು ಎಂಬ ಭಾವನೆಯೂ ಮಕ್ಕಳಲ್ಲಿದೆ. ಅದನ್ನು ತೆಗೆಯಲು ದೂರ ಹೋಗಬೇಕಿಲ್ಲ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ ಮೊದಲಿಗರಲ್ಲಿ ಎದ್ದು ಕಾಣುವ ಹೆಸರು. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಕೃತಿಗಳ ಈ ಕವಿಯ ಊರು ಪೂವಿನಬಾಗೆ. ಅದು ಇಂದಿನ ರಾಯಬಾಗ ಎಂಬುದು ವಿದ್ವಾಂಸರ ಅಭಿಪ್ರಾಯ. ರಬಕವಿ-ಬನಹಟ್ಟಿ ಬಳಿಯ ತೇರದಾಳದ ಮಕ್ಕಳಿಗೆ ರಾಯಬಾಗ ಪಕ್ಕದ ಸೀಮೆ. ರನ್ನನ ಬೆಳಗಲಿ ಮುಧೋಳ ತಾಲ್ಲೂಕಿನಲ್ಲಿದೆ ಎಂದು ಕನ್ನಡದ ಗುರುಗಳು ಅಭಿಮಾನದಿಂದ ಹೇಳುವಂತೆ, ಗಣಿತದ ಗುರುಗಳು ರಾಜಾದಿತ್ಯನ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ. ಅವನಿಗಿಂತ ಮುಂಚೆ, 9ನೇ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಕ್ಷೇತ್ರಗಣಿತಕ್ಕೆ ಅದರಲ್ಲಿ ದೊಡ್ಡ ಜಾಗವಿದೆ.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯನ 'ಲೀಲಾವತಿ'ಯ ನವಿಲು-ಹಾವಿನ ಲೆಕ್ಕವಂತೂ ಈ ಅಧ್ಯಾಯಕ್ಕೆಂದೇ ಬರೆದಂತಿದೆ. 9 ಮೊಳದ ಕಂಬದ ತುದಿಯಲ್ಲಿ ನವಿಲು, ಕಂಬದ ಬುಡದಲ್ಲಿ ಹಾವಿನ ಬಿಲ. ಬಿಲದಿಂದ 27 ಮೊಳ ದೂರದಲ್ಲಿರುವ ಹಾವು ಬಿಲದ ಕಡೆ ಹೊರಟಿದೆ. ನವಿಲು ಅದರ ಮೇಲೆ ಓರೆಯಾಗಿ ಎರಗುತ್ತದೆ. ಇಬ್ಬರೂ ಸಮ ದೂರ ಕ್ರಮಿಸಿದರೆ ಸಿಕ್ಕುವುದೆಲ್ಲಿ? ಕಂಬದ ಬುಡ (0, 0), ನವಿಲು (0, 9), ಹಾವು (27, 0) ಎಂದು ಇಟ್ಟರೆ ಬೇಕಾದದ್ದು ಎಕ್ಸ್ ಅಕ್ಷದ ಮೇಲೆ ಎರಡಕ್ಕೂ ಸಮದೂರದಲ್ಲಿರುವ ಬಿಂದು. ಉತ್ತರ (12, 0). ಇಬ್ಬರೂ 15 ಮೊಳ ಬಂದಿರುತ್ತಾರೆ. (2, −5) ಮತ್ತು (−2, 9) ಬಿಂದುಗಳಿಂದ ಸಮದೂರದಲ್ಲಿ ಎಕ್ಸ್ ಅಕ್ಷದ ಮೇಲಿರುವ ಬಿಂದು ಯಾವುದು ಎಂದು ಪಠ್ಯಪುಸ್ತಕ ಕೇಳುವ ಪ್ರಶ್ನೆಯೂ ಇದೇ ಜಾತಿಯದು. ನವಿಲಿನ ಲೆಕ್ಕ ಬಿಡಿಸಿದ ಮೇಲೆ (−7, 0) ಎಂಬ ಉತ್ತರ ಮಕ್ಕಳಿಗೆ ಕಷ್ಟವಾಗುವುದಿಲ್ಲ.

ಭಾಸ್ಕರನ ಕಾಲದಲ್ಲಿ ಅಕ್ಷಗಳಿರಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದ್ದನ್ನು ನಮ್ಮದೆಂದು ಹೇಳಿಕೊಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಆಯತದ ಕರ್ಣದ ನಿಯಮ ಬೌಧಾಯನ ಶುಲ್ಬಸೂತ್ರದಲ್ಲಿದೆ. ಬಿಂದುವನ್ನು ಅಂಕಿಗಳಿಂದ ಗುರುತಿಸುವ ದಾರಿ ತೆರೆದದ್ದು ಫ್ರಾನ್ಸಿನ ದೆಕಾರ್ತ್, 1637ರ ತನ್ನ ಪುಸ್ತಕದಲ್ಲಿ. ಸೋಜಿಗವೆಂದರೆ ಆತನ ಆ ಪುಸ್ತಕದಲ್ಲಿ ದೂರದ ಸೂತ್ರ ಇಲ್ಲ. ಅದು ಈಗಿನ ರೂಪದಲ್ಲಿ ಅಚ್ಚಾದದ್ದು ಸುಮಾರು ಒಂದು ಶತಮಾನದ ನಂತರ, 1731ರಲ್ಲಿ, ಕ್ಲೆರೋ ಎಂಬ ಇನ್ನೊಬ್ಬ ಫ್ರೆಂಚ್ ಗಣಿತಜ್ಞನ ಕೃತಿಯಲ್ಲಿ. ಆಗ ಅವನಿಗೆ 18 ವರ್ಷ. ಹತ್ತನೆಯ ತರಗತಿಯ ಮಕ್ಕಳಿಗಿಂತ ಎರಡು-ಮೂರು ವರ್ಷ ದೊಡ್ಡವನು ಅಷ್ಟೇ.

ಲೆಕ್ಕದ ದೂರಕ್ಕೂ ನಡೆಯುವ ದೂರಕ್ಕೂ ಇರುವ ವ್ಯತ್ಯಾಸವನ್ನು ಬೀಳಗಿಯ ಮಕ್ಕಳಷ್ಟು ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಆಲಮಟ್ಟಿ ಅಣೆಕಟ್ಟೆಯಲ್ಲಿ ಸಮುದ್ರಮಟ್ಟದಿಂದ 519.6 ಮೀಟರಿನವರೆಗೆ ನೀರು ನಿಂತಾಗ ಕೃಷ್ಣೆಯ ಹಿನ್ನೀರು ಅವರ ತಾಲ್ಲೂಕಿನ ಒಳಗೆ ಬರುತ್ತದೆ. ಹೊಲ, ಮನೆ ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳ ಮಕ್ಕಳು ಅಲ್ಲಿನ ಶಾಲೆಗಳಲ್ಲಿದ್ದಾರೆ. ಹಿನ್ನೀರಿನ ಆಚೆ ದಂಡೆಯ ಊರು ಕಣ್ಣಿಗೆ ಕಾಣುತ್ತದೆ, ಸೂತ್ರ ಹಾಕಿದರೆ ದೂರವೂ ಸ್ವಲ್ಪವೇ. ಆದರೆ ಅಲ್ಲಿಗೆ ಹೋಗಲು ಸೇತುವೆ ಇರುವಲ್ಲಿಗೆ ಸುತ್ತಿ ಬಳಸಬೇಕು. "ಬಸ್ಸಿನ್ಯಾಗ ಹೋದ್ರ ಇಷ್ಟರಾಗ ಮುಗಿಯೂದಿಲ್ರಿ" ಎಂದು ಮಗು ಹೇಳಿದರೆ ಅದನ್ನು ಅಡ್ಡಮಾತು ಎಂದು ತಳ್ಳಬಾರದು. ಸೂತ್ರ ಕೊಡುವುದು ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದೂರವನ್ನು. ರಸ್ತೆ ಅದಕ್ಕಿಂತ ಹೆಚ್ಚೇ ಇರುತ್ತದೆ. ನಿಜ ಹೇಳಬೇಕೆಂದರೆ ಟೇಪು ಹಿಡಿಯಲಾಗದ ಕಡೆಯೇ ಸೂತ್ರದ ಅಗತ್ಯ ಹೆಚ್ಚು. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಮತ್ತು ಬೆವರು ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿ 1989ರಲ್ಲಿ ಮುಗಿಸಿದರು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಈ ದಂಡೆಯಿಂದ ಆ ದಂಡೆಗೆ ಎಷ್ಟು ದೂರ, ನೀರಿಗಿಳಿಯದೆ ಹೇಗೆ ಹೇಳುತ್ತೀರಿ ಎಂದು ಕೇಳಿ ನೋಡಿ.

ಇದಕ್ಕೆಲ್ಲ ಸಮಯ ಎಲ್ಲಿದೆ ಎಂಬ ಮಾತು ಬರುತ್ತದೆ, ಬರಬೇಕಾದದ್ದೇ. ಪೋರ್ಷನ್ ಮುಗಿಸಬೇಕು, ಸ್ಪೆಷಲ್ ಕ್ಲಾಸ್ ತೆಗೆದುಕೊಳ್ಳಬೇಕು, ಹಿಂದುಳಿದವರಿಗೆ ಪಾಸಿಂಗ್ ಪ್ಯಾಕೇಜ್ ಮಾಡಿಸಬೇಕು, ನಡುವೆ ನೂರೆಂಟು ವರದಿ ಕಳಿಸಬೇಕು. ಈ ಭಾರವನ್ನು ಹೊರಗಿನವರು ಹಗುರವಾಗಿ ಕಾಣುವಂತಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಅಂಗಳಕ್ಕೆ ಬೇಕಾದದ್ದು ಒಂದು ಅವಧಿ. ನಾಲ್ಕು ಊರುಗಳ ನಕ್ಷೆಗೆ ಇನ್ನೊಂದು. ಚಿಹ್ನೆಯ ತಪ್ಪು, ಹೋಲ್ ಸ್ಕ್ವೇರಿನ ತಪ್ಪುಗಳನ್ನು ಜನವರಿ, ಫೆಬ್ರುವರಿಯಲ್ಲಿ ಮತ್ತೆ ಮತ್ತೆ ತಿದ್ದಲು ಹೋಗುವ ಅವಧಿಗಳು ಅದಕ್ಕಿಂತ ಎಷ್ಟೋ ಹೆಚ್ಚು. ಪಾಸಿಂಗ್ ಪ್ಯಾಕೇಜಿನ ಮಕ್ಕಳಿಗೆ ಸೂತ್ರವಷ್ಟೇ ಸಾಕು ಎಂದು ತೀರ್ಮಾನಿಸುವುದು ಇನ್ನೂ ದೊಡ್ಡ ತೊಂದರೆ. ಟ್ರ್ಯಾಕ್ಟರಿನ ಹಿಂದೆ ಓಡಾಡಿ, ಕಬ್ಬಿನ ಸಾಲು ಎಣಿಸಿ, ಲಾಳಿಯ ನೂಲು ಸುತ್ತಿ ಬೆಳೆದ ಆ ಮಕ್ಕಳಿಗೆ ಅಳತೆಯ ಅನುಭವ ಉಳಿದವರಿಗಿಂತ ಹೆಚ್ಚಿದೆ. ಅಂಗಳದ ಪಾಠದಲ್ಲಿ ಮೊದಲು ಟೇಪು ಹಿಡಿಯುವವರು ಅವರೇ ಆಗಿರುತ್ತಾರೆ.

ಕೊನೆಗೆ ಒಂದು ಕೋರಿಕೆ, ಒಂದು ಲೆಕ್ಕದ ರೂಪದಲ್ಲಿ. ನಾಲ್ಕೂ ತಾಲ್ಲೂಕುಗಳ ಮಕ್ಕಳಿಗೆ ಒಂದು ದಿನದ ಗಣಿತ ಮೇಳ ನಡೆಸಬೇಕು. ಎಲ್ಲಿ ನಡೆಸುವುದು? ಎಲ್ಲರಿಗೂ ಸಮದೂರದ ಜಾಗ ಹುಡುಕಿದರೆ, ಮುಧೋಳ, ಜಮಖಂಡಿ, ಬೀಳಗಿ ಮೂರಕ್ಕೂ (18, 8)ರ ಹತ್ತಿರ ಒಂದು ಬಿಂದು ಸಿಗುತ್ತದೆ. ಮೂವರಿಗೂ ಇಪ್ಪತ್ತು ಕಿ.ಮೀ. ಒಳಗೆ. ಆದರೆ ರಬಕವಿ-ಬನಹಟ್ಟಿಯವರಿಗೆ ಅದು ಸುಮಾರು 37 ಕಿ.ಮೀ. ಆಗುತ್ತದೆ. ಯಾರೂ ತೀರ ದೂರ ಬರುವಂತಾಗಬಾರದು ಎಂದುಕೊಂಡರೆ, ಒಂದಕ್ಕೊಂದು ಅತಿ ದೂರವಿರುವ ಬೀಳಗಿ-ರಬಕವಿಯ ಮಧ್ಯಬಿಂದು ಹಿಡಿಯಬೇಕು: (9, 8). ಅಲ್ಲಿಂದ ಆ ಇಬ್ಬರಿಗೂ 28 ಕಿ.ಮೀ.; ಮುಧೋಳಕ್ಕೆ 12, ಜಮಖಂಡಿಗೆ 13. ಆ ಬಿಂದುವಿನ ಹತ್ತಿರ ಯಾವ ಊರಿದೆ, ಅಲ್ಲಿ ಶಾಲೆಯಿದೆಯೇ, ನಾಲ್ಕೂ ಕಡೆಯಿಂದ ಬಸ್ಸು ಇದೆಯೇ, ರಸ್ತೆಯ ದೂರ ಲೆಕ್ಕಕ್ಕೆ ಹಾಕಿದರೆ ಜಾಗ ಬದಲಾಗುತ್ತದೆಯೇ ಎಂಬುದನ್ನು ಮಕ್ಕಳೇ ನಕ್ಷೆ ಹರಡಿ ಕೂತು ಹುಡುಕಲಿ. ನಾಲ್ಕು ತಾಲ್ಲೂಕುಗಳಿಂದ ಒಂದೊಂದು ಶಾಲೆ ತನ್ನ ಉತ್ತರವನ್ನು ಉಳಿದ ಮೂರಕ್ಕೆ ಬರೆದು ಕಳಿಸಲಿ. ಉತ್ತರಗಳು ಬೇರೆಬೇರೆ ಬಂದರೆ ದಸರೆಯ ರಜೆಗೆ ಮುಂಚೆ ಗುರುಗಳೆಲ್ಲ ಒಮ್ಮೆ ಕೂಡಿ ಕೂತು ಜಾಗ ನಿಗದಿ ಮಾಡಿ.

ಇಂತಿ,
ಗಣಿತದ ಮೇಲೂ ಈ ನೆಲದ ಮಕ್ಕಳ ಮೇಲೂ ಅಕ್ಕರೆಯುಳ್ಳ ಒಬ್ಬ ಲೇಖಕ